ಗುಂಡವ್ವನ ಹದಿನಾಲ್ಕು ಹೋಳಿಗೆ

ಕಂಪ್ಯೂಟರನ್ನು ಹಗಲೂ ರಾತ್ರಿ ಓದಲು ಹಚ್ಚಿರುವ ಮೇಲಧಿಕಾರಿಗಳೇ,

ನಿಮ್ಮ ಯಂತ್ರ ನನ್ನ ಬೀಗತಿಯ ಮರ್ಯಾದೆ ಕಳೆದಿದೆ. ಅವಳ ಕಿರಿಯ ಮಗನ ಸಂಬಂಧ ಮುರಿಯುವ ಹಂತಕ್ಕೆ ಬಂದಿದೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ; ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ. ನಿಮ್ಮ ಯಂತ್ರಕ್ಕೆ ಆ ರೂಢಿ ಇಲ್ಲ.

ಹೋದ ವರ್ಷ ಮೊಮ್ಮಗಳು ಕಾವೇರಿಯನ್ನು ಗೊಳಸಂಗಿಯ ಗುಂಡವ್ವನ ಹಿರಿಯ ಮಗನಿಗೆ ಕೊಟ್ಟೆವು. ಮದುವೆಯಲ್ಲಿ ಬೀಗರನ್ನು ಹಾಡಿನಲ್ಲಿ ಜರಿಯುವುದು ನಮ್ಮ ಪದ್ಧತಿ. ಜರಿಯದಿದ್ದರೆ ಅವರೇ ಮುನಿಸಿಕೊಳ್ಳುತ್ತಾರೆ. ಊಟದ ಪಂಕ್ತಿಯಲ್ಲಿ ನಾನು ಎತ್ತಿದೆ:

“ಗೊಳಸಂಗಿ ಬೀಗತಿ ಗುಂಡವ್ವ ಬಂದಾಳ,
ಹದಿನಾಕ ಹೋಳಿಗಿ ಉಂಡಾಳ,
ಸೊಸಿಗಿ ಒಂದ ಹಪ್ಪಳ ಅಂದಾಳ.”

ಎಲ್ಲರಿಗಿಂತ ಜೋರಾಗಿ ನಕ್ಕವಳು ಗುಂಡವ್ವ. ಕಣ್ಣೊರೆಸಿಕೊಂಡು ನನ್ನ ಉಡಿಯಲ್ಲಿ ಒಂದು ಕುಪ್ಪಸದ ಖಣ ಹಾಕಿದಳು. ಕಿರಿಯ ಮೊಮ್ಮಗಳು ಭಾಗ್ಯಾ ಆ ಹಾಡನ್ನು ಬರೆದು ಇಂಟರ್ನೆಟ್ಟಿಗೆ ಹಾಕಿದಳು. ನಿಮ್ಮ ಯಂತ್ರ ಓದಿತು. ನಗುವನ್ನು ಓದಲಿಲ್ಲ, ಖಣವನ್ನೂ ಓದಲಿಲ್ಲ.

ಈಗ ಗುಂಡವ್ವನ ಕಿರಿಯ ಮಗನಿಗೆ ಹೆಣ್ಣು ಕೊಡಬೇಕೆಂದಿದ್ದ ಮನಗೂಳಿಯವರು, ಮನೆತನ ಹೇಗೆ ಎಂದು ಊರಲ್ಲಿ ಯಾರನ್ನೂ ಕೇಳದೆ ಫೋನಿನಲ್ಲಿ ನಿಮ್ಮ ಯಂತ್ರವನ್ನು ಕೇಳಿದ್ದಾರೆ. ಅದು ಪಂಚಾಯ್ತಿ ಠರಾವಿನ ಭಾಷೆಯಲ್ಲಿ ಹೇಳಿತಂತೆ: “ಸದರಿ ಗುಂಡವ್ವನವರು ಒಂದು ಊಟಕ್ಕೆ ಹದಿನಾಲ್ಕು ಹೋಳಿಗೆ ಸೇವಿಸುತ್ತಾರೆ. ಸೊಸೆಗೆ ಹಪ್ಪಳ ಮಾತ್ರ ನೀಡಲಾಗುತ್ತದೆ.” ಮನಗೂಳಿಯವರು “ವಿಚಾರ ಮಾಡಿ ಹೇಳತೇವ್ರಿ” ಎಂದು ಹಿಂದೆ ಸರಿದರು.

ಗುಂಡವ್ವ ಫೋನು ಮಾಡಿದಳು. “ಶೇವಂತೆವ್ವಾರ, ನೀವು ಹಾಡಿದಾಗ ನಗಿ ಬಂದಿತ್ರಿ. ಆ ಪೆಟ್ಟಿಗಿ ಹಾಡಾಕತ್ತರ ನಗಿ ಬರವಲ್ದರಿ.” ಫೋನು ಇಟ್ಟವಳೇ ಭಾಗ್ಯಾಳಿಂದ ನಿಮ್ಮ ನಂಬರು ಹುಡುಕಿಸಿದೆ.

ನಿಮ್ಮ ಕಚೇರಿಗೆ ಫೋನು ಹಚ್ಚಿದೆ. “ಆಯಿ, ಅದು ದಿನಾ ಹೊಸಾದು ಓದಿ ತಾನ ಕಲೀತೈತ್ರಿ. ಛಲೋದು ಬರೆಸ್ರಿ, ಅದನ್ನೂ ಕಲೀತೈತಿ” ಎಂದರು. ಗುಂಡವ್ವ ಸೊಸೆಗೆ ಪ್ರೀತಿಯಿಂದ ತಾನೇ ಬಡಿಸುತ್ತಾಳೆ ಎಂದು ಭಾಗ್ಯಾಳಿಂದ ಬರೆಸಿದೆ. ಮರುದಿನ ಯಂತ್ರ ಎರಡನ್ನೂ ಕೂಡಿಸಿ ಕಲಿತಿತ್ತು: “ಗುಂಡವ್ವನವರು ಸೊಸೆಗೆ ಹಪ್ಪಳವನ್ನು ಪ್ರೀತಿಯಿಂದ ತಾವೇ ಬಡಿಸುತ್ತಾರೆ.”

ಇದಕ್ಕೆ ಕಲಿಯುವುದು ಎನ್ನುತ್ತೀರಾ? ನಮ್ಮ ಎಮ್ಮೆಯೂ ದಿನವಿಡೀ ಮೇಯುತ್ತದೆ. ಆದರೆ ಸಂಜೆ ಕೊಟ್ಟಿಗೆಯಲ್ಲಿ ಕುಳಿತು ಮೆಲುಕು ಹಾಕುತ್ತದೆ. ನಿಮ್ಮದು ಬರೀ ಮೇಯುತ್ತದೆ. ಅದಕ್ಕೆ ಮೆಲುಕು ಹಾಕಿಸುವವರು ಯಾರು? ಅಷ್ಟು ಓದಿದ ಪೆಟ್ಟಿಗೆಗೆ, ಹದಿನಾಲ್ಕು ಹೋಳಿಗೆ ಉಂಡವಳು ಪಂಕ್ತಿಯಿಂದ ಏಳುವುದು ಹೇಗೆ ಎಂಬ ಒಂದು ಅನುಮಾನವೂ ಬರಬಾರದೇ?

ಬರುವ ಸೋಮವಾರ ಮನಗೂಳಿಯವರು ಕೊನೆಯ ಮಾತು ಹೇಳುತ್ತಾರೆ. ಅಷ್ಟರೊಳಗೆ ನಿಮ್ಮ ಯಂತ್ರ ಆ ಹೋಳಿಗೆ, ಹಪ್ಪಳ ಎರಡನ್ನೂ ಮರೆಯಬೇಕು. ಮರೆಯುವುದನ್ನು ಅದಕ್ಕೆ ಕಲಿಸಿಲ್ಲವೆಂದರೆ, ನೀವೇ ಮನಗೂಳಿಗೆ ಹೋಗಿ ತಪ್ಪಾಯಿತೆಂದು ಹೇಳಿ ಬನ್ನಿ.

ಎರಡೂ ಆಗದಿದ್ದರೆ, ನಿಮ್ಮ ಮೇಲೆ ಒಂದು ಹಾಡು ಕಟ್ಟಿಟ್ಟಿದ್ದೇನೆ. ಭಾಗ್ಯಾ ಅದನ್ನು ಇಂಟರ್ನೆಟ್ಟಿಗೆ ಹಾಕಲು ಕಾದಿದ್ದಾಳೆ. ನಿಮ್ಮ ಮನೆಯಲ್ಲೂ ಮದುವೆಗೆ ಬಂದ ಮಕ್ಕಳಿದ್ದಾರೆಂದು ಕೇಳಿದ್ದೇನೆ.

ಇಂತಿ,
ಆ ಖಣವನ್ನು ಹೊಲಿಸಿಕೊಳ್ಳಲು ಇನ್ನೂ ಮುಖವಿಲ್ಲದ,
ಮೋರಟಗಿಯ ಶೇವಂತೆವ್ವ