ಬದುಕಿದ್ದವರ ತಿಥಿ

ಜಯನಗರ, ಬೆಂಗಳೂರು
೧೮-೪-೧೯೬೨

ಚಿರಂಜೀವಿ ಜಯಸಿಂಹನಿಗೆ,

ನಿನ್ನ ಅಕ್ಕ ಕಾತ್ಯಾಯಿನಿಯ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆಯಲು ಕೈ ಬರುತ್ತಿಲ್ಲ. ನಿನ್ನ ಎರಡು ಕಾಗದಕ್ಕೂ ಉತ್ತರ ಕೊಡದೆ ಸತಾಯಿಸಿದೆ. ಅದಕ್ಕೆ ಕೋಪ ಮಾಡಿಕೊಳ್ಳಬೇಡ, ನನ್ನಲ್ಲೇ ಈಗ ಇಬ್ಬರಿಗಾಗುವಷ್ಟು ಕೋಪವಿದೆ.

ನಮ್ಮ ವಂಶದ ಚರಿತ್ರೆ ಬರೆಯುತ್ತೇನೆ, ತಾತನ ಕಾಲದ ತಾರೀಖುಗಳನ್ನು ಹುಡುಕಿಕೊಡು ಎಂದು ಭದ್ರಾವತಿಯಿಂದ ಅಪ್ಪಣೆ ಮಾಡಿದೆಯಲ್ಲ, ಮೊದಲು ದೊಡ್ಡಪ್ಪನನ್ನೇ ಕೇಳಿದೆ. "ಹಳೇ ಕಾಗದ ಎಲ್ಲಾ ಗೆದ್ದಲು ತಿಂದ್ವು, ಬಿಡಮ್ಮ" ಅಂದರು. ನಮ್ಮ ಎದುರುಮನೆಯ ಬದರಿನಾಥರು ಪಿಂಚಣಿ ಕಚೇರಿಯಲ್ಲಿ ಗುಮಾಸ್ತರು. ಅವರು ಇದನ್ನು ಕೇಳಿ ನಕ್ಕರು. "ಸರ್ಕಾರಿ ನೌಕರಿ ಮಾಡಿದೋರ ಹುಟ್ಟು, ಊರು, ಹೆಂಡ್ತಿ ಮಕ್ಕಳು, ಎಲ್ಲಾ ಪಿಂಚಣಿ ಫೈಲಲ್ಲೇ ಇರುತ್ತೆ ಕಣ್ರಮ್ಮ. ಹೆಸರು ಬರೆದುಕೊಡಿ, ನೋಡ್ತೀನಿ." ತಾತನ ಹೆಸರಿನ ಕೆಳಗೆ ಅಪ್ಪನದನ್ನೂ ಬರೆದುಕೊಟ್ಟೆ.

ತಾತನ ವಿವರಗಳೆಲ್ಲ ಸಿಕ್ಕಿವೆ, ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅಪ್ಪನ ಫೈಲು ಬಿಚ್ಚಿದಾಗ ಬದರಿನಾಥರು ಅದೇ ಹಾಳೆಯನ್ನು ಮತ್ತೊಮ್ಮೆ ಓದಿದರು. "ನಿಮ್ಮ ತಂದೆ ನಲವತ್ತೊಂದರಲ್ಲಿ ಕಾಶೀಲಿ ತೀರಿಕೊಂಡ್ರು ಅಂದ್ರಲ್ಲ?" ಎಂದರು. ಹೌದು ಎಂದೆ. "ಐವತ್ತೇಳರ ತನಕ ಪಿಂಚಣಿ ತಗೊಂಡಿದಾರಲ್ಲಮ್ಮ."

ಜಯು, ಅಪ್ಪ ಕಾಶಿಗೆ ಹೋಗಲೇ ಇಲ್ಲ. ಕುಷ್ಠರೋಗ ಬಂದದ್ದಕ್ಕೆ ಪಿಂಚಣಿ ಕೊಟ್ಟು ಕೆಲಸದಿಂದ ಬಿಡಿಸಿದ್ದರು. ಆಮೇಲೆ ಸಾಯುವವರೆಗೂ ಇದ್ದದ್ದು ಸಾರಕ್ಕಿಯಲ್ಲಿ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಸಾರಕ್ಕಿಯಲ್ಲಿ! ಪಿಂಚಣಿದಾರ ಬದುಕಿದ್ದಾನೆ ಎಂದು ಪ್ರತಿ ವರ್ಷ ಯಾರಾದರೂ ದೊಡ್ಡ ಮನುಷ್ಯರು ಸಹಿ ಹಾಕಬೇಕಂತೆ. ಹಾಕಿದವರು ಯಾರು ಗೊತ್ತೇ? ನಮ್ಮ ದೊಡ್ಡಪ್ಪ, ನಿವೃತ್ತ ಅಮಲ್ದಾರ್ ಸೇತುರಾಮಯ್ಯನವರು. ತಮ್ಮನನ್ನು ಕಣ್ಣಾರೆ ಕಂಡಿದ್ದೇನೆ ಎಂದು ಕಚೇರಿಗೆ ಬರೆದುಕೊಡುವುದು, ವೈಶಾಖ ಬಂದರೆ ತಮ್ಮ ಮನೆಯಲ್ಲೇ ನಿನ್ನನ್ನು ಕೂರಿಸಿ ಅದೇ ತಮ್ಮನಿಗೆ ಪಿಂಡ ಇಡಿಸುವುದು. ಜನಿವಾರ ಹಾಕಿಸಿದ ವರ್ಷವೇ ನಿನ್ನ ಕೈಗೆ ಎಳ್ಳು ನೀರು ಕೊಟ್ಟರಲ್ಲ. ಆ ಸುಳ್ಳನ್ನು ಊರು ನಂಬಲಿ ಎಂದು ಅಮ್ಮನ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಆಗ ಅವಳು ಈಗಿನ ನನಗಿಂತ ಚಿಕ್ಕವಳು. ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಬಸವನಗುಡಿಗೆ ಹೋಗಿ ದೊಡ್ಡಪ್ಪನ ಮುಖದ ಮೇಲೆಯೇ ಕೇಳಿದೆ. ಈಸಿಚೇರಿನಿಂದ ಏಳಲೂ ಇಲ್ಲ. "ಕುಷ್ಠರೋಗಿ ಮಗಳು ಅಂತ ಗೊತ್ತಾಗಿದ್ರೆ ನಿನ್ನ ಕತ್ತಿಗೆ ಯಾರು ತಾಳಿ ಕಟ್ತಿದ್ರು? ನಿನಗೋಸ್ಕರಾನೇ ಮಾಡಿದ್ದು" ಅಂದರು. ಮಹಾ ಉಪಕಾರ ಮಾಡಿದವರ ಗತ್ತು. "ನನ್ನ ತಾಳಿಗೋಸ್ಕರ ಅಮ್ಮನ ತಾಳಿ ಕಿತ್ರಾ?" ಎಂದು ಕೂಗಿದೆ. ಬೀದಿಗೆ ಕೇಳಿಸೀತೆಂದು ದೊಡ್ಡಮ್ಮ ಕಿಟಕಿ ಮುಚ್ಚಿದರು. ಅಪ್ಪನ ಹಣ ತಿಂದರು ಎಂದು ಮಾತ್ರ ನಾನು ಹೇಳಲಾರೆ. ತಿಂಗಳು ತಿಂಗಳೂ ಸಾರಕ್ಕಿಗೆ ತಲುಪಿಸುತ್ತಿದ್ದರಂತೆ, ಅದೊಂದು ಪಾಪ ಮಾಡಿಲ್ಲ.

ಮರುದಿನವೇ ಸಾರಕ್ಕಿಗೆ ಹೋದೆ. ಅಪ್ಪನಿಗೆ ಹಿತ್ತಿಲ ಕೋಣೆ ಕೊಟ್ಟು ಅನ್ನ ಹಾಕಿದವಳು ಮುನಿಲಕ್ಷ್ಮಮ್ಮ ಎಂಬ ಬೇಸಾಯದ ಹೆಂಗಸು. "ಅಯ್ನೋರು ಮಳೆಗಾಲದಾಗೆ ಹೋಗ್ಬಿಟ್ರು ಕಣವ್ವ. ನಾವೇ ನಮ್ಮ ಹೊಲದಾಗೆ ಮಣ್ಣು ಮಾಡಿದ್ವಿ. ನಿಮ್ಮ ದೊಡ್ಡಪ್ಪ ದೂರದಾಗೆ ನಿಂತಿದ್ರು" ಎಂದಳು. ಆ ಜಾಗ ತೋರಿಸಿದಳು. ಅವರೆಕಾಯಿ ಬೆಳೆದು ಕೊಯ್ದಿದ್ದರು, ಅಂಚಿನಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ.

ಮುಂದಿನ ತಿಂಗಳು ತಿಥಿಗೆ ಬರುತ್ತೇನೆ ಎಂದಿದ್ದೀಯೆ. ಬಾ, ಆದರೆ ದೊಡ್ಡಪ್ಪನ ಮನೆಯ ಹೊಸ್ತಿಲು ತುಳಿಯಕೂಡದು. ನೀನು ಬರೆಯುವ ಚರಿತ್ರೆಯಲ್ಲಿ ಕಾಶಿ ಎಂದಿದ್ದರೆ ಹೊಡೆದುಹಾಕಿ ಸಾರಕ್ಕಿ ಎಂದು ಬರೆ. ಪಂಕಜಾಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ನಿನ್ನ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಬಂದರೂ ಮನೆಯೊಳಗೇ ಇಟ್ಟುಕೊಳ್ಳುವ ಧೈರ್ಯವನ್ನು ದೇವರು ನಿನಗೆ ಕೊಡಲಿ.

ನಿನ್ನ ಅಕ್ಕ,
ಕಾತ್ಯಾಯಿನಿ

ವಿ.ಸೂ.: ಇದನ್ನು ಮೇಲೆ ಬರೆಯಲಾಗಲಿಲ್ಲ. ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. "ನನ್ನ ವಿಚಾರ ಏನಾದ್ರೂ ಕೇಳ್ತಿದ್ರಂತಾ?" ಎಂದಳು. ತಿಳಿದುಕೊಂಡು ಬಾ ಎಂದು ನನ್ನನ್ನು ಮತ್ತೆ ಸಾರಕ್ಕಿಗೆ ಅಟ್ಟಿದಳು. ಮುನಿಲಕ್ಷ್ಮಮ್ಮ ನನ್ನನ್ನೇ ನೋಡುತ್ತಾ, "ನಿಮ್ಮವ್ವ ಬದುಕವ್ರಾ?" ಎಂದು ಕೇಳಿದಳು. ಹೆಂಡತಿ ಸತ್ತಳು ಎಂದು ದೊಡ್ಡಪ್ಪ ಅಪ್ಪನಿಗೆ ಹೇಳಿಬಿಟ್ಟಿದ್ದರಂತೆ. ವೈಶಾಖದಲ್ಲಿ ಒಂದು ದಿನ, ಅವಳ ತಿಥಿಯ ಅಡುಗೆ ಎಂದು ವಡೆ ಪಾಯಸ ತಂದುಕೊಡುತ್ತಿದ್ದರಂತೆ. ಆ ದಿನ ಮಡಿಯುಟ್ಟು ಅದನ್ನೆಲ್ಲ ಮಾಡುತ್ತಿದ್ದವಳು ಅಮ್ಮನೇ ಅಲ್ಲವೇ. ಅಪ್ಪ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರಂತೆ.

ಹಿಂತಿರುಗಿದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ದಿನಾ ಕೇಳುತ್ತಿದ್ದರಂತೆ ಎಂದುಬಿಟ್ಟೆ. ನಿನ್ನನ್ನು ಕೇಳಿದರೆ ನೀನೂ ಹಾಗೆಯೇ ಹೇಳು.