ಇಲಿ ಕದ್ದ ಬೆರಳು

ಸೆಪ್ಟೆಂಬರ್ 4
ಈ ಆರ್ಮಿ ಕ್ವಾರ್ಟರ್ಸಿನಲ್ಲಿ ನೀರು ಇವತ್ತೂ ತಡ. ಪಕ್ಕದ ಕ್ವಾರ್ಟರ್ಸಿನ ಸುದೇಶ್ ದೀದಿ ಕುಕ್ಕರ್ ಒಯ್ದವಳು ಇನ್ನೂ ಕೊಟ್ಟಿಲ್ಲ. ಕೇಳಿದರೆ, "ನಿನ್ನ ಗಂಡ ರಜೆಗೆ ಬರೋಷ್ಟರಲ್ಲಿ ಕೊಡ್ತೀನಿ ಬಿಡೇ" ಅಂತಾಳೆ. ಅಲ್ಲಿಯವರೆಗೆ ರಾಜ್ಮಾ ಬೇಯಿಸುವುದು ಯಾವುದರಲ್ಲಿ? ಹಿಮಾಚಲದ ಈ ಕಾಂಗ್ಡಾದವರ ಜೊತೆ ಮಾತಿನಲ್ಲಿ ಗೆದ್ದವರುಂಟೆ?

ಸಂಜೆ ಮಕ್ಕಳದ್ದು ಅದೇ ಆಟ. ಯೂನಿಫಾರ್ಮಿನಲ್ಲಿ ಯಾರೇ ಬರಲಿ, ಓಡಿಹೋಗಿ ಸೆಲ್ಯೂಟ್ — ಜೈ ಹಿಂದ್ ಅಂಕಲ್. ಮೊದಲು ತಲುಪಿದವರಿಗೆ ಟಾಫಿ. ಯಾವಾಗಲೂ ದೀದಿಯ ಮಗ ಬಂಟಿಯೇ ಫಸ್ಟ್. ನನ್ನ ರಿಮ್ಮಿ ಅಳುತ್ತ ಬಂದಳು. ಐದು ವರ್ಷದ ಕಾಲು, ಎಷ್ಟು ಓಡೀತು.

ಸೆಪ್ಟೆಂಬರ್ 7
ಗಡಿಯ ಪೋಸ್ಟಿನಿಂದ ಇವರ ಫೋನ್. ಮಗಳ ಪ್ರಶ್ನೆ ಒಂದೇ — ಇಲಿ ಬೆರಳು ವಾಪಸ್ ಕೊಡ್ತಾ ಪಪ್ಪಾ? ಹಿಂದೆ ಹಿಮದಲ್ಲಿ ಡ್ಯೂಟಿ ಇದ್ದಾಗ ಇವರ ಎಡಗಾಲಿನ ಕಿರುಬೆರಳು ಕೊಳೆತು, ಕತ್ತರಿಸಿ ತೆಗೆದರು. ಮಗಳಿಗೆ ಹೇಳಿದ್ದು ಇಲಿ ಕದ್ದಿತು ಅಂತ. ಇವರು ಬಂದಾಗಲೆಲ್ಲ ಆ ಖಾಲಿ ಜಾಗ ಮುಟ್ಟಿ ನೋಡಿದರೇ ಅವಳಿಗೆ ಸಮಾಧಾನ.

ಸೆಪ್ಟೆಂಬರ್ 19 — ಅತ್ತೆಯ ಊರು
ಬರೆಯಲೇಬೇಕು. ಬರೆದರೆ ನಿದ್ದೆ ಬಂದೀತು.

ಹತ್ತನೇ ತಾರೀಕು ಬೆಳಿಗ್ಗೆ. ಜಮ್ಮುವಿಗೆ ಹೊರಟ ಬಸ್ಸಿನಲ್ಲಿ ಮೂವರು ಉಗ್ರರು. ನಮ್ಮ ಕ್ವಾರ್ಟರ್ಸಿನ ತಿರುವಿನಲ್ಲಿ ಬಸ್ ನಿಲ್ಲಿಸಿ ಒಳಗಿದ್ದವರ ಮೇಲೆಲ್ಲ ಗುಂಡು ಹಾರಿಸಿದರು. ಹಾಲು ಮಾರುವವರು, ಕಾಲೇಜಿನ ಹುಡುಗಿಯರು... ನಮಗೆ ಶಬ್ದ ಕೇಳಿತ್ತು. ಫೈರಿಂಗ್ ರೇಂಜ್ ಅಂದುಕೊಂಡೆವು. ವಾರಕ್ಕೆ ಎರಡು ಮೂರು ದಿನ ಕೇಳುವ ಶಬ್ದವೇ. ಯಾರೂ ಬಾಗಿಲು ಹಾಕಲಿಲ್ಲ.

ಹಿಂದಿನ ತಂತಿಬೇಲಿ ಕತ್ತರಿಸಿ ಒಳಗೆ ಬಂದರು. ನಮ್ಮ ಫೌಜಿನದೇ ಯೂನಿಫಾರ್ಮಿನಲ್ಲಿದ್ದರು. ಮಕ್ಕಳು ಓಡಿದರು, ಸೆಲ್ಯೂಟ್ ಹೊಡೆಯಲು.

ಬಂಟಿಯೇ ಫಸ್ಟ್.

ದೀದಿ ಅವನ ಹಿಂದೆ ಓಡಿದಳು. ಇಬ್ಬರೂ ಉಳಿಯಲಿಲ್ಲ. ಇನ್ನೂ ಎಷ್ಟೋ ಜನ. ನಾನು ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವಳು ನೀರಿನ ಟ್ಯಾಂಕಿನ ಹಿಂದೆ ಕೂತೆ. ಕೆಳಗೆ ಮಗಳಿದ್ದಾಳೆ ಅಂತ ಗೊತ್ತು. ಆದರೂ ಇಳಿಯಲಿಲ್ಲ.

ರಿಮ್ಮಿಗೆ ಜ್ವರ ಇತ್ತು, ಆಟಕ್ಕೆ ಹೋಗಿರಲಿಲ್ಲ. ಮಂಚದ ಕೆಳಗೆ ನುಗ್ಗಿದ್ದಳು. ಅವರಲ್ಲೊಬ್ಬ ಆ ಕೋಣೆಗೂ ಬಂದು ಹೋಗಿದ್ದ. ಆಮೇಲೆ ನಮ್ಮ ಜವಾನರು ಅವಳನ್ನು ಎಳೆಯಲು ಹೋದರೆ ಒಬ್ಬರ ಕೈ ಕಚ್ಚಿದಳು. ಅವತ್ತಿನಿಂದ ಮಾತಿಲ್ಲ.

ಸೆಪ್ಟೆಂಬರ್ 22
ನಮ್ಮನ್ನು ನೋಡಲು ರೆಜಿಮೆಂಟಿನಿಂದ ಸುಬೇದಾರ್ ಸಾಹೇಬರು ಯೂನಿಫಾರ್ಮಿನಲ್ಲಿ ಬಂದಿದ್ದರು. ರಿಮ್ಮಿ ಸದ್ದಿಲ್ಲದೆ ಮಂಚದ ಕೆಳಗೆ. ಅವರು ಹೋದ ಮೇಲೂ ಸಂಜೆವರೆಗೆ ಅಲ್ಲೇ. ಗೋಡೆಯ ಮೇಲಿದ್ದ ಇವರ ಯೂನಿಫಾರ್ಮಿನ ಫೋಟೋ ತೆಗೆದು ಟ್ರಂಕಿನಲ್ಲಿಟ್ಟೆ. ಅತ್ತೆಗೆ ಸಿಟ್ಟು.

ಸೆಪ್ಟೆಂಬರ್ 27
ಇವರನ್ನು ಇಷ್ಟು ದಿನ ಹಿಡಿದಿಟ್ಟ ಗಡಿಯ ಗುಂಡಿನ ಚಕಮಕಿ ನಿಂತಿದೆ. ಇವರಿಗೆ ರಜೆ ಸಿಕ್ಕಿತು. ಫೋನಿನಲ್ಲಿ ಹೇಳಿಯೇಬಿಟ್ಟೆ — ಯೂನಿಫಾರ್ಮಿನಲ್ಲಿ ಬರಬೇಡಿ.

ಈ ಮನೆಯಲ್ಲಿ ಹಾಗೆ ಯಾರೂ ಬಂದಿಲ್ಲ. ಮಾವ, ಅವರ ತಂದೆ, ಎಲ್ಲರೂ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲೇ ಹೊಸ್ತಿಲು ಹತ್ತಿದವರು. ಅತ್ತೆ ಬಾಗಿಲಲ್ಲಿ ತಿಲಕ ಇಟ್ಟ ಮೇಲೇ ಒಳಗೆ. ಅತ್ತೆ ಕೇಳಿಸಿಕೊಂಡು ಬಂದರು.

"ನನ್ನ ಮಗ ಏನು ಕಳ್ಳನೇನೇ, ವೇಷ ಮರೆಸಿಕೊಂಡು ಬರೋಕೆ?"

"ಅಪ್ಪನ್ನ ನೋಡಿ ಮಗು ಮಂಚದ ಕೆಳಗೆ ಹೋದ್ರೆ ನೀವು ತಡ್ಕೋತೀರಾ ಅತ್ತೆ?"

ಅತ್ತೆ ಎದ್ದು ಎಮ್ಮೆ ಕರೆಯಲು ಹೋದರು. ಇವರು ಫೋನಿನಲ್ಲಿ ಸರಿ ಅಂದರು.

ನನಗಿರುವುದು ಒಂದೇ ಭಯ. ಇವರಿಂದಲೂ ಅವಳು ಓಡಿದರೆ ಮುಂದೆ ಯಾರ ಹತ್ತಿರ ಹೋದಾಳು?

ಅಕ್ಟೋಬರ್ 1, ಮಧ್ಯಾಹ್ನ
ಬಂದರು. ದಾರಿಯಲ್ಲಿ ಕೊಂಡ ಬಿಳಿ ಕುರ್ತಾ-ಪೈಜಾಮ, ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ಅತ್ತೆ ತಿಲಕ ಇಟ್ಟರು. ರಿಮ್ಮಿ ಬಾಗಿಲ ತನಕ ಬಂದಳು. ಮುಖ ನೋಡಲಿಲ್ಲ, ಕೆಳಗೆ ನೋಡಿದಳು. ತಿರುಗಿ ಮಂಚದ ಕೆಳಗೆ ಹೋದಳು.

ಬೂಟು. ಪೈಜಾಮದ ಕೆಳಗೆ ಅದೇ ಫೌಜಿನ ಕಪ್ಪು ಬೂಟು. ಅವರ ಹತ್ತಿರ ಬೇರೆ ಇರಲಿಲ್ಲ, ನನಗೂ ಹೊಳೆದಿರಲಿಲ್ಲ. ಅವತ್ತು ಮಂಚದ ಕೆಳಗಿನಿಂದ ಮಗುವಿಗೆ ಕಂಡಿದ್ದು ಯೂನಿಫಾರ್ಮ್ ಅಲ್ಲ, ಬೂಟು ಮಾತ್ರ.

ಇವರಿಗೆ ನನಗಿಂತ ಮೊದಲೇ ತಿಳಿಯಿತು. ಹೊಸ್ತಿಲಲ್ಲೇ ಕೂತು ಬೂಟು, ಕಾಲುಚೀಲ ಕಳಚಿ ಅಂಗಳಕ್ಕೆ ಎಸೆದರು. ಒಳಗೆ ಬಂದು ನೆಲದ ಮೇಲೆ ಮಲಗಿದರು, ಕಾಲು ಮಂಚದ ಕಡೆ. ಕರೆಯಲಿಲ್ಲ. ನಾನೂ ಅತ್ತೆಯೂ ಬಾಗಿಲಲ್ಲೇ ನಿಂತೆವು.

ಎಷ್ಟು ಹೊತ್ತೋ. ಆಮೇಲೆ ಒಂದು ಪುಟ್ಟ ಕೈ ಹೊರಗೆ ಬಂತು. ಎಡಗಾಲಿನ ಬೆರಳು ಒಂದೊಂದಾಗಿ ಮುಟ್ಟುತ್ತ ಹೋಯಿತು. ಖಾಲಿ ಜಾಗದಲ್ಲಿ ನಿಂತಿತು.

"ಇಲಿ ಇನ್ನೂ ಕೊಟ್ಟಿಲ್ವಾ?"

ಇವರ ಭುಜ ಅಲುಗುತ್ತಿತ್ತು. ಅತ್ತೆಯೇ ಹೇಳಿದರು, "ಇಲ್ಲ ಕಂದ. ನೀನೇ ಹೊರಗೆ ಬಂದು ಕೇಳಬೇಕಂತೆ."

ರಾತ್ರಿ
ಇಬ್ಬರೂ ನೆಲದ ಮೇಲೇ ಮಲಗಿದ್ದಾರೆ. ಅವಳ ಮುಷ್ಟಿಯೊಳಗೆ ಇವರ ಕಾಲ್ಬೆರಳು. ಅಂಗಳದಲ್ಲಿ ಬೂಟು ಹಾಗೇ ಬಿದ್ದಿದೆ, ಒಳಗೆ ತರಲು ಮನಸ್ಸಿಲ್ಲ. ಹದಿನೈದು ದಿನ ರಜೆ. ಮತ್ತೆ ಹೊರಡುವ ದಿನ ಅದನ್ನು ಹಾಕಿಕೊಳ್ಳಲೇಬೇಕಲ್ಲ, ಆಗ ಇವಳಿಗೆ ಏನು ಹೇಳುವುದು?