ಮೇಲಿನ ಗ್ಯಾಲರಿಯಲ್ಲಿ ನಿನ್ನ ಜಾಗ

ಪಾರ್ಮಾ, ಮಂಗಳವಾರ
೧೮ ಜನವರಿ ೧೯೫೫

ನನ್ನ ಮುದ್ದು ಗಸ್ತೋನೆ,

ಕೆಮ್ಮು ಈಗ ಹೇಗಿದೆ? ಗಣಿಯಿಂದ ಮೇಲೆ ಬಂದ ಕೂಡಲೇ ಬೆವರು ಒರೆಸಿಕೊಳ್ಳದೆ ಹೊರಗೆ ನಿಲ್ಲಬೇಡ. ಬೆಲ್ಜಿಯಮ್ಮಿನ ಚಳಿ ಎದೆಯೊಳಗೆ ಕೂತುಬಿಡುತ್ತದೆ ಎಂದು ಅಲ್ಲಿಂದ ಬಂದವರೆಲ್ಲ ಹೇಳುತ್ತಾರೆ. ನಾನು ಚೆನ್ನಾಗಿದ್ದೇನೆ. ನಿನ್ನ ಅಪ್ಪನೂ ಗಟ್ಟಿಯಾಗಿದ್ದಾರೆ. ಪೀಪಾಯಿ ಕಟ್ಟುವ ಕೆಲಸ ಕಡಿಮೆಯಾಗಿದೆ, ಮುಂಗೋಪ ಕಡಿಮೆಯಾಗಿಲ್ಲ.

ಭಾನುವಾರ ಮಧ್ಯಾಹ್ನ ಅವರು ನನ್ನನ್ನು ಒಪೆರಾಕ್ಕೆ ಕರೆದುಕೊಂಡು ಹೋದರು. ನಗಬೇಡ, ಮೂವತ್ತೊಂದು ವರ್ಷದ ಸಂಸಾರದಲ್ಲಿ ಇದೇ ಮೊದಲು. ಮೇಲಿನ ಗ್ಯಾಲರಿಯಲ್ಲಿ ನೀನು ಅವರ ಪಕ್ಕ ಕೂರುತ್ತಿದ್ದೆಯಲ್ಲ, ಆ ಜಾಗದಲ್ಲಿ ಐದು ವರ್ಷದಿಂದ ತಮ್ಮ ಟೋಪಿ ಇಟ್ಟು ಯಾರನ್ನೂ ಕೂರಗೊಡುತ್ತಿರಲಿಲ್ಲವಂತೆ. ಹೇಳಿದವನು ಕ್ಷೌರಿಕ ಪ್ರಿಮೊ. "ಆರ್ಜಿಯಕ್ಕ, ಆ ಟೋಪಿ ಮುಟ್ಟಿದವನ್ನ ಇವ್ರು ಗ್ಯಾಲರಿಯಿಂದ ಕೆಳಗೆ ತಳ್ಳೋದೊಂದು ಬಾಕಿ," ಅಂದ. ನೀನು ಹೊರಟ ದಿನ "ಈ ಹೊಸ್ತಿಲು ದಾಟಿದ್ರೆ ನನಗೆ ಮಗನೇ ಇಲ್ಲ" ಅಂದಿದ್ದ ಮನುಷ್ಯ, ಆಮೇಲೆ ಮನೆಯಲ್ಲಿ ಒಮ್ಮೆಯೂ ನಿನ್ನ ಹೆಸರೆತ್ತದ ಮನುಷ್ಯ ಅವರು.

ಮೂರನೆಯ ಅಂಕದಲ್ಲಿ ಒಬ್ಬ ಮುದಿ ತಂದೆ ದಡದಲ್ಲಿ ನಿಂತು, ಹಡಗು ಹತ್ತಿ ಹೋದ ಮಗನನ್ನು ಕರೆಯುತ್ತಾನೆ. ಮೊದಲು ಚೆಲ್ಲೊ ವಾದ್ಯಗಳಷ್ಟೇ, ತುಂಬ ಮೆಲ್ಲಗೆ. ಅವನಿನ್ನೂ ಬಾಯಿ ತೆರೆದಿರಲಿಲ್ಲ, ಆಗಲೇ ಸ್ನಾನ ಮಾಡಿಸಿ ಎತ್ತಿಕೊಳ್ಳುತ್ತಿದ್ದಾಗಿನ ನಿನ್ನ ಒದ್ದೆ ಕತ್ತಿನ ವಾಸನೆ ಎಲ್ಲಿಂದಲೋ ಬಂತು. ಪಿಟೀಲುಗಳು ಸೇರಿ ದನಿ ಏರುತ್ತ ಹೋದಂತೆ, ಇಷ್ಟು ವರ್ಷ ಗಂಟು ಕಟ್ಟಿ ಒಳಗಿಟ್ಟುಕೊಂಡಿದ್ದುದೆಲ್ಲ ತಾನಾಗಿ ಬಿಚ್ಚಿಕೊಂಡಿತು.

ಎತ್ತರದ ಸ್ವರದಲ್ಲಿ ಗಾಯಕನ ದನಿ ಒಡೆಯಿತು. ನಮ್ಮ ಗ್ಯಾಲರಿಯವರು ಗೊತ್ತಲ್ಲ. "ಹೋಗಿ ಮೀನು ಮಾರಪ್ಪ," ಅಂದ ಯಾರೋ. ಎಲ್ಲರೂ ನಿನ್ನ ಅಪ್ಪನ ಕಡೆ ತಿರುಗಿದರು. ಇಂಥ ಹೊತ್ತಲ್ಲಿ ಮೊದಲ ಅಣಕದ ಸಿಳ್ಳೆ ಅವರದೇ ತಾನೆ. ಅವರು ಎದ್ದು ನಿಂತರು. ಮಾನ ಹೋಯಿತು ಎಂದುಕೊಂಡು ನಾನು ಕೋಟು ಹಿಡಿದೆಳೆದೆ. "ಬಾಯ್ಮುಚ್ಕೊಂಡು ಕೂತ್ಕೊಳ್ರೋ. ಮಗನ್ನ ಕರೆಯೋವಾಗ ಯಾರ ದನಿ ಒಡೆಯಲ್ಲ?" ಅಂದರು. ಗ್ಯಾಲರಿ ತೆಪ್ಪಗಾಯಿತು. ಗಾಯಕ ತಲೆಯೆತ್ತಿ ನಮ್ಮ ಕಡೆ ನೋಡಿದ. ವಾದ್ಯದವರು ಆ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಈ ಸಲ ಅವನು ಆ ಸ್ವರವನ್ನು ಗೆಲ್ಲಲು ಹೋಗಲಿಲ್ಲ, ಹತ್ತಿರದಲ್ಲಿರುವವನಿಗೆ ಹೇಳಿದಂತೆ ಮೆಲ್ಲಗೆ ಹಾಡಿದ. ಅಪ್ಪ ನಿಂತೇ ಕೇಳಿದರು. ಹಾಡು ಮುಗಿಯುವವರೆಗೂ ಅವರ ಕೈ ನನ್ನ ಭುಜದ ಮೇಲೇ ಇತ್ತು.

ಬರುವಾಗ ಸೇತುವೆಯ ಮೇಲೆ ನಿಂತು, "ಗಸ್ತೋನೆಗೆ ಈಗ ಇಪ್ಪತ್ತೆಂಟಾ?" ಅಂದರು. ಐದು ವರ್ಷದಲ್ಲಿ ಮೊದಲ ಸಲ ಆ ಹೆಸರು. "ಇಪ್ಪತ್ತೊಂಬತ್ತು," ಅಂದೆ.

ಪ್ರಿಮೊ ನಿನ್ನನ್ನು ಕೇಳಿದ್ದಾನೆ. ದೇವಮಾತೆ ನಿನ್ನನ್ನು ನೆಲದಡಿಯಲ್ಲೂ ಕಾಯಲಿ.

ನಿನ್ನ ಅಮ್ಮ,
ಆರ್ಜಿಯಾ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು ತಮ್ಮ ಪಾಸ್‌ಪೋರ್ಟ್ ಮೇಜಿನ ಮೇಲಿಟ್ಟರು. ನವೆಂಬರಿನಲ್ಲೇ ಮಾಡಿಸಿದ್ದಾರೆ, ನನಗೂ ಹೇಳಿರಲಿಲ್ಲ. ಇಪ್ಪತ್ತೇಳರ ಗುರುವಾರ ಬೆಳಿಗ್ಗೆ ಅವರ ರೈಲು ನಿನ್ನ ಊರು ಶಾರ್ಲರುವಾಕ್ಕೆ ಬರುತ್ತದೆ. ನಿಲ್ದಾಣಕ್ಕೆ ಹೋಗು ಮಗನೆ. ಅವರು ಇಳಿದು ಸುಮ್ಮನೆ ನಿಂತುಬಿಟ್ಟಾರು, ನೀನೇ ಮೊದಲು ಅಪ್ಪಾ ಅನ್ನು.